ಹಿಂದಿನ ಸ್ಪೀಕರುಗಳು

ತರೀಕೆರೆಗೆ ಹೋಗುವ ಬಸ್ಸು ಅಜ್ಜಂಪುರದ ನಿಲ್ದಾಣದಲ್ಲಿ ಇನ್ನೂ ಪೂರ್ತಿ ನಿಂತಿರಲಿಲ್ಲ, ಶಶಿಧರ ಆಗಲೇ ಒಳಗಿದ್ದ. ಅವನಿಗೆ ಎಡಗಡೆಯ ಸಾಲಿನ ಕಿಟಕಿ ಪಕ್ಕದ ಸೀಟೇ ಬೇಕಾಗಿತ್ತು. ಬಲಗಡೆಯದು ಸಿಕ್ಕರೆ ಕೆಲಸಕ್ಕೆ ಬಾರದು. ನುಗ್ಗುವ ಭರದಲ್ಲಿ ಕೈಚೀಲ ಹಿಡಿದ ಮುದುಕಿಯೊಬ್ಬಳನ್ನು ಮೊಣಕೈಯಿಂದ ಸರಿಸಿದೆನೆಂದು ಕೂತ ಮೇಲೆ ಹೊಳೆಯಿತು. ಅವಳು ತುಟಿ ಆಡಿಸುತ್ತ ಮುಂದೆ ಹೋದಳು. ಬೈದಿರಬೇಕು. ಎದ್ದು ಹೋಗಿ ತಪ್ಪಾಯ್ತು ಅನ್ನೋಣವೆಂದರೆ ಸೀಟು ಹೋಗುತ್ತದೆ. ಅವನು ಕಿಟಕಿಯ ಸರಳುಗಳನ್ನು ನೋಡುತ್ತ ಕೂತ. ಹೆಂಡತಿ ಸರ್ವಮಂಗಳ ತನ್ನ ಪಾಡಿಗೆ ನಿಧಾನವಾಗಿ ಹತ್ತಿ, ಮುದುಕಿಯ ಚೀಲವನ್ನು ಸೀಟಿನ ಕೆಳಗೆ ತಳ್ಳಿಕೊಟ್ಟು, ಬಂದು ಅವನ ಬಲಕ್ಕೆ ಕೂತಳು.

"ಅರ್ಧ ಬಸ್ಸು ಖಾಲಿ ಬಿದ್ದಿದೆ ಕಣ್ರೀ. ಹುಡುಗ್ರಂಗೆ ಯಾಕೆ ಓಡ್ತೀರ?"

"ಗಾಳಿ ಬೇಕು ಅಂತ."

"ಆ ಕಡೆ ಕಿಟಕೀಲಿ ಗಾಳಿ ಬರಲ್ವಾ?"

ಅವನು ನಕ್ಕ. ಅವಳ ಮಾತು ಬಲಗಿವಿಯಲ್ಲಿ ಬಳೆಗಳ ಸದ್ದಿನ ಸಮೇತ ಸ್ಪಷ್ಟವಾಗಿ ಬಂದಿತ್ತು. ಎಡಗಿವಿಯನ್ನು ಕಿಟಕಿಗೆ ಕೊಟ್ಟಾಗಿತ್ತು. ಇನ್ನು ತರೀಕೆರೆಯವರೆಗೆ ಭಯವಿಲ್ಲ.

ಎಡಗಿವಿ ಹೋದದ್ದು ಕಳೆದ ದೀಪಾವಳಿ ಮುಗಿದ ಮೇಲೆ, ಒಂದು ಬೆಳಿಗ್ಗೆ. ನೋವಿಲ್ಲ, ಜ್ವರವಿಲ್ಲ. ಹಲ್ಲುಜ್ಜುತ್ತಿದ್ದಾಗ ಬ್ರಷ್ಷಿನ ಸದ್ದು ತಲೆಯ ಅರ್ಧ ಭಾಗದಲ್ಲಿ ಮಾತ್ರ ಇತ್ತು. ನೀರು ಹೊಕ್ಕಿರಬೇಕೆಂದು ಬಚ್ಚಲಲ್ಲಿ ತಲೆ ಓರೆಮಾಡಿ ಒಂಟಿಕಾಲಲ್ಲಿ ಕುಪ್ಪಳಿಸಿದ. ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡ. ಸರಿಹೋದೀತೆಂದು ಕಾದ. ಕೊನೆಗೆ ಒಂದು ಶನಿವಾರ ಪೇಪರ್ ತಿದ್ದುವ ಕೆಲಸವಿದೆಯೆಂದು ಮನೆಯಲ್ಲಿ ಸುಳ್ಳು ಹೇಳಿ ಶಿವಮೊಗ್ಗಕ್ಕೆ ಹೋಗಿ ತೋರಿಸಿದಾಗ, ಡಾಕ್ಟರು ನರ ಸತ್ತಿದೆ ಎಂದರು. ಮೊದಲ ವಾರವೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದೂ ಸೇರಿಸಿದರು. ಮನೆಗೆ ಬಂದು ಹೇಳಬೇಕೆಂದಿದ್ದ. ಅವತ್ತು ಮಗಳು ನಿಶ್ಚಿತಾ ಹಾಸನದಿಂದ ಬಂದಿದ್ದಳು, ನರ್ಸಿಂಗ್ ಕಾಲೇಜಿನ ಕತೆಗಳಿಂದ ಮನೆ ತುಂಬಿತ್ತು, ಹೇಳಲಿಲ್ಲ. ಮಾರನೆಯ ದಿನ ಹೇಳಬಹುದಿತ್ತು. ಹಾಗೆ ಒಂದೊಂದೇ ದಿನ ಕಳೆದಂತೆ ಕಿವಿ ಹೋದದ್ದು ಸಣ್ಣ ವಿಷಯವಾಗಿ, ಹೇಳದೇ ಇದ್ದದ್ದೇ ದೊಡ್ಡದಾಗಿ ಬೆಳೆಯಿತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂಬುದನ್ನೂ ಹೇಳಬೇಕು, ಅದು ಅವನಿಗೇ ಗೊತ್ತಿರಲಿಲ್ಲ.

ಅವನು ಫಿಸಿಕ್ಸ್ ಪಾಠ ಮಾಡುವವನು. ಅದಕ್ಕೋ ಏನೋ, ದುಃಖಕ್ಕಿಂತ ಮೊದಲು ಅವನಲ್ಲಿ ಕುತೂಹಲ ಹುಟ್ಟಿತ್ತು. ಶಬ್ದಗಳೆಲ್ಲ ಇದ್ದವು, ಅವುಗಳ ಜಾಗ ಮಾತ್ರ ಹೋಗಿತ್ತು. ಕುಕ್ಕರಿನ ಸೀಟಿ ಕೇಳುತ್ತಿತ್ತು. ನಮ್ಮ ಮನೆಯದೋ ಪಕ್ಕದ ಮನೆಯದೋ ತಿಳಿಯುತ್ತಿರಲಿಲ್ಲ. ಮೊಬೈಲು ಬಡಿದುಕೊಂಡರೆ ದಿಂಬು, ಅಂಗಿ, ದೇವರ ಗೂಡು ಎಲ್ಲ ಹುಡುಕಬೇಕು. ಬೈಕಿನ ಹಾರ್ನು ರಸ್ತೆಯ ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು. ಎಡಗಿವಿಗೆ ಒಂದು ಚೂರು ಮೊದಲು, ಬಲಗಿವಿಗೆ ಒಂದು ಚೂರು ಆಮೇಲೆ ಎಂಬ ಆ ಅಲ್ಪ ವ್ಯತ್ಯಾಸದಿಂದ ಮಿದುಳು ಇಡೀ ಜಗತ್ತಿಗೆ ದಿಕ್ಕು ಕೊಡುತ್ತದೆಂದು ಅವನು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದ. ಈಗ ಆ ಚಿತ್ರದ ಅರ್ಧ ಅಳಿಸಿಹೋದಾಗ ಉಳಿಯುವುದೇನು ಎಂಬುದನ್ನು ತನ್ನ ತಲೆಯೊಳಗೇ ನೋಡಬಹುದಾಗಿತ್ತು. ಕಣ್ಣು ಮುಚ್ಚಿ ಚಮಚ ಬೀಳಿಸಿ, ಬಿದ್ದ ಕಡೆ ಕೈಚಾಚಿ, ತಪ್ಪಿ, ಮತ್ತೆ ಬೀಳಿಸುತ್ತಿದ್ದ. ಮಂಗಳ ಒಳಗೆ ಬಂದರೆ ಚಮಚ ಜೇಬಿಗೆ ಹೋಗುತ್ತಿತ್ತು.

ಅದೇ ಹೊತ್ತಿಗೆ ಮನೆಯ ಡಿಸ್ಕ್ ಪ್ಲೇಯರಿನ ತಟ್ಟೆ ಹೊರಗೆ ಬರುವುದನ್ನು ನಿಲ್ಲಿಸಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಈ ಕಾಲದಲ್ಲಿ ಡಿಸ್ಕ್ ಯಾಕೆ ಸಾರ್, ಎಲ್ಲ ಫೋನಲ್ಲೇ ಇದೆಯಲ್ಲ ಎಂದರು. ಅವನು ತಿಂಗಳುಗಟ್ಟಲೆ ಓದಿದ. ನೆಟ್ಟಿನಲ್ಲಿ ಬರುವ ಶಬ್ದವನ್ನು ಹಿಂಡಿ, ಸಣ್ಣದು ಮಾಡಿ ಕಳಿಸುತ್ತಾರೆ. ಒಳ್ಳೆಯ ಬ್ಲೂ-ರೇ ಡಿಸ್ಕಿನಲ್ಲಿ ರೆಕಾರ್ಡಾದ ಒಂದು ಕಣವನ್ನೂ ಬಿಡದೆ, ಮುಂದಿನದು, ಪಕ್ಕದ್ದು, ಹಿಂದಿನದು ಎಂದು ಬೇರೆಬೇರೆಯಾಗಿ ಇಟ್ಟಿರುತ್ತಾರೆ. ಮನೆಯಲ್ಲಿ ನಿಶ್ಚಿತಾ ಚಿಕ್ಕವಳಿದ್ದಾಗ ಕೊಂಡ ಆಂಪ್ಲಿಫೈಯರ್ ಇತ್ತು, ಆರು ಸ್ಪೀಕರು ಇದ್ದವು. ಆದರೆ ಆಂಪ್ಲಿಫೈಯರ್ ಹಳೆಯದು, ಹೊಸ ಕಾಲದ ಎಚ್‌ಡಿಎಂಐ ವೈರು ಅದಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಶಬ್ದವನ್ನು ತಾನೇ ಬಿಡಿಸಿ, ಆರು ವೈರುಗಳಲ್ಲಿ ಆರು ಪಾಲು ಮಾಡಿ ಕಳಿಸುವ ಪ್ಲೇಯರೇ ಬೇಕು. ಅಂಥವು ಈಗ ಬರುವುದೇ ಕಡಿಮೆ. ಈ ಹುಡುಕಾಟದ ತಳದಲ್ಲಿ ಅವನು ಯಾರಿಗೂ ಹೇಳದ ಒಂದು ಆಸೆಯಿತ್ತು: ಅಷ್ಟು ಸೂಕ್ಷ್ಮವಾದ ಶಬ್ದ, ಅಷ್ಟು ಕಡೆಯಿಂದ ಬಂದರೆ, ಒಂದೇ ಕಿವಿಗಾದರೂ ಎಲ್ಲಿಂದ ಎಂಬುದು ಎಲ್ಲೋ ಒಂದು ಸಂದಿಯಿಂದ ನುಸುಳಿ ಬಂದೀತು. ವಿದ್ಯಾರ್ಥಿ ಯಾರಾದರೂ ಹೀಗೆ ಬರೆದಿದ್ದರೆ ಅವನು ಕೆಂಪು ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದ.

ತರೀಕೆರೆಯಲ್ಲಿ ರಂಗಯ್ಯನ ಅಂಗಡಿ ಬಸ್‌ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಮಿಕ್ಸಿ, ಫ್ಯಾನು, ಟಿವಿಗಳ ನಡುವೆ ಕೂತಿದ್ದ ರಂಗಯ್ಯ ಡಿಸ್ಕ್ ಪ್ಲೇಯರ್ ಎಂಬ ಮಾತು ಕೇಳಿ, ಯಾರೋ ಸತ್ತವರ ಹೆಸರು ಹೇಳಿದಂತೆ ನಾಲಿಗೆಯಿಂದ ಚ್ಚ್ ಎಂದ.

"ಅವೆಲ್ಲ ಹೋದ್ವು ಮೇಷ್ಟ್ರೇ. ಸೌಂಡ್‌ಬಾರ್ ಹಾಕಿ. ಒಂದು ಕೋಲು ಟಿವಿ ಕೆಳಗಿಟ್ರೆ ಮುಗೀತು. ಸುತ್ತ ಸೌಂಡು ಅದೇ ಬರ್ಸುತ್ತೆ."

"ಮುಂದೆ ಇರೋ ಕೋಲಿಂದ ಹಿಂದಿನ ಸೌಂಡು ಹೆಂಗೆ ಬತ್ತದೆ?"

"ಗೋಡೆಗೆ ಹೊಡ್ದು ವಾಪಸ್ ಬತ್ತದೆ. ತಾಳಿ, ಅಟ್ಟದ ಮೇಲೆ ಒಂದು ಹಳೇ ಪೀಸು ಇರ್ಬೇಕು ನೋಡ್ತೀನಿ."

ರಂಗಯ್ಯ ಎಲ್ಲೋ ಮರೆಯಾದ. ಶಶಿಧರ ಗೋಡೆಗೆ ಹೊಡೆದು ಬರುವ ಶಬ್ದವನ್ನು ಯೋಚಿಸುತ್ತಿದ್ದ. ನಮ್ಮ ಹಾಲಿನಲ್ಲಿ ಒಂದು ಕಡೆ ಗೋಡೆಯಿದೆ, ಇನ್ನೊಂದು ಕಡೆ ಅಡುಗೆಮನೆಯ ಬಾಗಿಲಿದೆ, ಆ ಕಡೆ ಹೋದದ್ದು ಒಗ್ಗರಣೆ ಡಬ್ಬಿಗೆ ತಾಗಿ ಅಲ್ಲೇ ಉಳಿಯುತ್ತದೆ. ಅಷ್ಟರಲ್ಲಿ "ಬನ್ನಿ ಮೇಷ್ಟ್ರೇ, ಇಲ್ಲಿ ಬನ್ನಿ" ಎಂದು ರಂಗಯ್ಯ ಕೂಗಿದ. ಶಶಿಧರ ಚಪ್ಪಲಿ ಮೆಟ್ಟಿ ಸರಸರನೆ ಹೊರಗೆ ಹೋದ, ಪಕ್ಕದ ಬಾಗಿಲಿಂದ ಒಳಗೆ ನುಗ್ಗಿದ. ಅದು ಬ್ಲೌಸ್ ಹೊಲಿಯುವ ಅಂಗಡಿ. ಅಳತೆ ಕೊಡುತ್ತಿದ್ದ ಹೆಂಗಸೊಬ್ಬಳು ಸೆರಗು ಎಳೆದುಕೊಂಡಳು. ಟೇಪು ಹಿಡಿದವಳು ಏನು ಬೇಕಿತ್ತು ಎಂದಳು. ಅವನು ರಂಗಯ್ಯ ಎಂದ. ತಿರುಗಿ ಬಂದರೆ ರಂಗಯ್ಯ ತನ್ನ ಅಂಗಡಿಯ ಅಟ್ಟದ ಮೇಲಿಂದ, ಶಶಿಧರ ಮೊದಲು ನಿಂತಿದ್ದ ಜಾಗದ ನೆತ್ತಿಯ ಮೇಲಿಂದಲೇ, ಧೂಳಿನ ಪೆಟ್ಟಿಗೆ ಹಿಡಿದು ಬಗ್ಗಿ ನೋಡುತ್ತಿದ್ದ. ಮಂಗಳ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. ಪೆಟ್ಟಿಗೆಯಲ್ಲಿ ಹಾಡಿನ ಸಿ.ಡಿ. ಹಾಕುವ ಯಂತ್ರವಿತ್ತು, ಎರಡೇ ವೈರಿನದು. ಇದಲ್ಲ ಎಂದು ಹೇಳಿ ಅವನು ಬೆವರೊರೆಸಿಕೊಂಡ.

"ಕಡೂರಲ್ಲಿ ಮುಬಶೀರ್ ಅಂತ ಇದಾನೆ. ಇಂಥ ಹುಚ್ಚೆಲ್ಲ ಅವನ ಹತ್ರಾನೇ," ಎಂದ ರಂಗಯ್ಯ, ಬೇಸರವಿಲ್ಲದೆ.

ಕಡೂರಿನ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸುಲಭವಾಗಿ ಸಿಕ್ಕಿತು. ಬೀರೂರಿನವರೆಗೂ ಮಂಗಳ ಮಾತಾಡಲಿಲ್ಲ. ಈಚೆಗೆ ಅವಳು ಮಾತಾಡುವುದೇ ಕಡಿಮೆ. ಮೊದಲು ಬಟ್ಟೆ ಮಡಿಸುತ್ತ, ತರಕಾರಿ ಹೆಚ್ಚುತ್ತ, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಸುದ್ದಿ ಹೇಳುತ್ತಿದ್ದವಳು. ಮಾತು ಕಡಿಮೆಯಾದದ್ದು ಯಾವಾಗ ಎಂದು ಅವನು ಯೋಚಿಸಿರಲಿಲ್ಲ. ಯೋಚಿಸಿದರೆ ಉತ್ತರ ಸಿಗುತ್ತದೆಂಬ ಅನುಮಾನವಿತ್ತು. ಹಾಲಿನಲ್ಲಿ ಅವಳ ಕುರ್ಚಿ ಅವನ ಎಡಕ್ಕಿತ್ತು. ಕೆಲವು ಸಲ ಅವಳ ಮಾತು ಬಲಗಿವಿಗೆ ಸುತ್ತಿಬಂದು ಮಸುಕಾಗಿ ತಲುಪಿದಾಗಲೂ ಅವನು ಪೇಪರಿನಿಂದ ಕಣ್ಣೆತ್ತದೆ ಕೂತದ್ದುಂಟು. ಹೇಗೂ ಕೇಳದ ಕಿವಿ, ಅದರ ಹೆಸರಿನಲ್ಲಿ ಇದನ್ನೂ ಸೇರಿಸಿಬಿಡಬಹುದು. ಆ ಹೊತ್ತಿನಲ್ಲಿ ಸಿಕ್ಕಿದ ನೆಮ್ಮದಿಯ ರುಚಿ ಈಗ ಬಸ್ಸಿನ ಕುಲುಕಾಟದಲ್ಲಿ ಗಂಟಲಿಗೆ ಬಂತು. ಬೋರ್ಡಿಗೆ ಮುಖ ಮಾಡಿ ನಿಂತರೆ ಕ್ಲಾಸಿನ ಹುಡುಗಿಯರ ಬೆಂಚುಗಳೂ ಎಡಕ್ಕೇ. ಕಣ್ಣು ಮುಚ್ಚಿದರೂ ಶಬ್ದ ಯಾವ ಕಡೆಯಿಂದ ಬಂತು ಅಂತ ಹೆಂಗೆ ತಿಳಿಯುತ್ತೆ, ಗಾನವಿ ನೀನು ಹೇಳು, ಎಂದು ಒಂದು ದಿನ ಕೇಳಿದ್ದ. ಬೋರ್ಡಿನ ಮೇಲೆ ತಲೆಯ ಚಿತ್ರ ಬರೆಯುತ್ತ ಬೆನ್ನು ತಿರುಗಿಸಿ ನಿಂತಿದ್ದ. ಉತ್ತರವಿಲ್ಲ. ಬಾಯಿಲ್ಲವೇನಮ್ಮ ನಿನಗೆ, ನಿಂತ್ಕೋ, ಪೀರಿಯಡ್ ಮುಗಿಯೋವರೆಗೂ ನಿಂತ್ಕೋ ಎಂದ. ಯಾರೂ ನಗಲಿಲ್ಲ. ಆ ಮೌನದಿಂದಲೇ ಅವನಿಗೆ ತಿಳಿದುಹೋಯಿತು, ಅವಳು ಹೇಳಿದ್ದಳು, ಸರಿಯಾಗಿಯೇ ಹೇಳಿದ್ದಳು. ಕೂತ್ಕೋ ಎಂಬ ಒಂದು ಮಾತು ಸಾಕಾಗಿತ್ತು. ಅವನು ತಲೆಯ ಚಿತ್ರಕ್ಕೆ ಎರಡನೆಯ ಕಿವಿ ಬರೆದು, ಅದನ್ನು ಬೇಕಿಲ್ಲದಷ್ಟು ತಿದ್ದುತ್ತ ನಿಂತ. ಅವಳು ಗಂಟೆ ಹೊಡೆಯುವವರೆಗೆ ನಿಂತೇ ಇದ್ದಳು. ಆಮೇಲೆ ಅವಳು ಯಾವ ಪ್ರಶ್ನೆಗೂ ಕೈಯೆತ್ತಲಿಲ್ಲ.

"ಕಡೂರು ಬಂತು, ಏಳಿ," ಎಂದಳು ಮಂಗಳ.

ಮುಬಶೀರನ ಅಂಗಡಿ ಮೇಲ್ಮಹಡಿಯಲ್ಲಿತ್ತು. ನಲವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ಕೆಳಗೆ ಅಣ್ಣನ ಮೊಬೈಲ್ ಅಂಗಡಿ, ಮೇಲೆ ಇವನ ಸ್ಪೀಕರುಗಳ ಲೋಕ. ಅಲ್ಲಿ ದಪ್ಪ ಪರದೆ ಬಿಟ್ಟ ಒಂದು ಕೋಣೆ, ನಡುವೆ ಒಂದು ಕುರ್ಚಿ, ಗೋಡೆಗೆ ಸೇರಿಸಿ ಇನ್ನೊಂದು. ಶಶಿಧರ ತನ್ನ ಹಳೆಯ ಆಂಪ್ಲಿಫೈಯರಿನ ವಿಷಯ ಹೇಳಿದಾಗ ಮುಬಶೀರನ ಮುಖ ಅರಳಿತು.

"ಅಂಥದ್ದೇ ಒಂದು ನನ್ನ ಹತ್ರಾನೂ ಇದೆ ಸಾರ್, ಅದಕ್ಕೇ ಹಾಕಿ ತೋರಿಸ್ತೀನಿ. ಪ್ಲೇಯರ್ ಎರಡಿವೆ. ಒಂದು ಹೊಸದು, ಪಿಕ್ಚರ್ ಬಹಳ ಚೆನ್ನಾಗಿ ಬರುತ್ತೆ. ಇನ್ನೊಂದು ಹಳೇ ಸ್ಟಾಕು, ಹಿಂದೆ ಆರೂ ಸಾಕೆಟ್ ಇದಾವೆ. ಯಾವುದು ಬೇಕು ಅಂತ ಕಿವಿ ಹೇಳ್ಬೇಕು, ನಾನು ಹೇಳಬಾರ್ದು."

ಮಂಗಳ ಗೋಡೆಯ ಕುರ್ಚಿಯಲ್ಲಿ ಕೂತು ಚೀಲದಿಂದ ನೀರಿನ ಬಾಟಲಿ ತೆಗೆದಳು. ಶಶಿಧರ ನಡುವಿನ ಕುರ್ಚಿಯಲ್ಲಿ ಕೂತ. ಎದುರಿಗೆ ಮೂರು ಸ್ಪೀಕರು ಮತ್ತು ನೆಲದ ಮೇಲೊಂದು ದಪ್ಪ ಪೆಟ್ಟಿಗೆ. ಹಿಂದೆ ಎರಡಿವೆಯೆಂದು ಒಳಗೆ ಬರುವಾಗ ನೋಡಿಕೊಂಡಿದ್ದ. ಮುಬಶೀರ್ ಯಂತ್ರಗಳ ಹಿಂದೆ ಬಗ್ಗಿ ಏನೇನೋ ಸಿಕ್ಕಿಸಿ, ಪರೀಕ್ಷೆಗೆಂದೇ ಮಾಡಿದ ಡಿಸ್ಕು ಹಾಕಿದ. ಹಿತ್ತಾಳೆ ತಟ್ಟೆಯ ಮೇಲೆ ಗೋಲಿ ಉರುಳುವ ಸದ್ದು, ಕೇಳುವವನ ಸುತ್ತ ಒಂದು ಸುತ್ತು ಬರುತ್ತದೆ ಎಂದು ಹೇಳಿ ಕೋಣೆಯ ಮೂಲೆಗೆ ನಿಂತ. ಶಶಿಧರ ಕಣ್ಣು ಮುಚ್ಚಿದ. ಗೋಲಿ ಉರುಳಿತು. ಎಷ್ಟು ಹತ್ತಿರ! ಹಿತ್ತಾಳೆಯ ಕಂಪನ, ಗೋಲಿಯ ಮೈಯ ನುಣುಪು, ಎಲ್ಲವೂ ಇತ್ತು. ಅದು ಜೋರಾಯಿತು, ಸಣ್ಣದಾಯಿತು, ಮತ್ತೆ ಜೋರಾಯಿತು. ಸಣ್ಣದಾದಾಗ ಹಿಂದೆ ಹೋಗಿರಬೇಕು ಎಂದುಕೊಂಡ. ಎಂದುಕೊಂಡ ಕೂಡಲೆ ಅದು ಹಿಂದೆ ಹೋದಂತೆಯೇ ಆಯಿತು. ಬೆನ್ನು ಜುಮ್ಮೆಂದಿತು. ಬಂತು, ಎಲ್ಲಿಂದ ಎಂಬುದು ಬಂತು. ಪುಸ್ತಕಗಳು ಸುಳ್ಳು ಹೇಳಿದ್ದವು, ಡಾಕ್ಟರು ಸುಳ್ಳು ಹೇಳಿದ್ದರು. ಅವನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು.

"ಆಹಾ! ಏನ್ ಸೌಂಡ್ ರೀ ಇದು, ಹಿಂದಿನ ಸ್ಪೀಕರಿಂದ! ಬೆನ್ನ ಹಿಂದೇನೇ ಉರುಳಿಕೊಂಡು ಹೋಯ್ತಲ್ಲ! ನೋಡಿದ್ಯಾ ಮಂಗಳಾ? ಇದು ಆ ಕೋಲಲ್ಲಿ ಬರುತ್ತಾ?"

ಅವನು ಕಣ್ಣು ಬಿಟ್ಟ. ಮುಬಶೀರನ ಕೈಯಲ್ಲಿ ಎರಡು ವೈರಿನ ತುದಿಗಳು ನೇತಾಡುತ್ತಿದ್ದವು.

"ಸಾರ್... ಹಿಂದಿನವಕ್ಕೆ ವೈರು ಇನ್ನೂ ಹಾಕಿಲ್ಲ. ಮೊದ್ಲು ಮುಂದಿನ ಸ್ಪೀಕರುಗಳ ಲೆವೆಲ್ ನೋಡೋಣ ಅಂತ..." ಅವನು ತಡವರಿಸಿದ. ಆಮೇಲೆ ಬೇಗಬೇಗ, "ಕೆಲವ್ರಿಗೆ ಹಂಗಾಗುತ್ತೆ ಸಾರ್. ಈ ರೂಮಿನ ಗೋಡೆ ಹಂಗಿದೆ," ಎಂದ.

ಆ ದಯೆಯೇ ಹೆಚ್ಚು ಉರಿಯಿತು. ನಕ್ಕಿದ್ದರೆ ತಾನೂ ನಗಬಹುದಿತ್ತು. ಶಶಿಧರ ಹೌದು ಹೌದು ಗೋಡೆ, ರಿಫ್ಲೆಕ್ಷನ್, ಎಂದು ಪಾಠದ ಧ್ವನಿಯಲ್ಲಿ ಏನೋ ಹೇಳಿದ. ಮಂಗಳ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ಅವನನ್ನು ನೋಡುತ್ತಿದ್ದಳು. ತರೀಕೆರೆಯ ಅಟ್ಟದ ಕೆಳಗೆ ನಕ್ಕ ಮುಖವಲ್ಲ ಅದು. ಅಕ್ಕಿಯಲ್ಲಿ ಕಲ್ಲು ಕಂಡವಳ ಹಾಗೆ, ಅಲುಗಾಡದೆ ನೋಡುತ್ತಿದ್ದಳು. ಅವನು ಎದ್ದುಬಿಟ್ಟ.

"ನೀನು ಕೂತ್ಕೋ ಮಂಗಳಾ. ನೀನು ಕೇಳಿ ಹೇಳು."

"ನಂಗೇನು ಗೊತ್ತಾಗುತ್ತೆ?"

"ಕೂತ್ಕೋ."

ಅವಳು ಸೆರಗು ಸರಿಮಾಡಿಕೊಂಡು, ದಂತವೈದ್ಯರ ಕುರ್ಚಿಯಲ್ಲಿ ಕೂರುವಂತೆ ಅಂಚಿಗೆ ಕೂತಳು. ಮುಬಶೀರ್ ಹಿಂದಿನ ಸ್ಪೀಕರುಗಳಿಗೆ ವೈರು ಸಿಕ್ಕಿಸಿ ಮತ್ತೆ ಗೋಲಿ ಬಿಟ್ಟ. ಶಶಿಧರ ಎದುರಿನ ಮೂಲೆಯಲ್ಲಿ ನಿಂತು ಅವಳನ್ನು ನೋಡಿದ. ಅವಳ ಕಣ್ಣುಗಳು ಮೊದಲು ಎಡಕ್ಕೆ ಹೋದವು, ಆಮೇಲೆ ಕತ್ತು ಒಂದು ಚೂರು ತಿರುಗಿತು, ನಿಂತಿತು, ಇನ್ನೊಂದು ಚೂರು ತಿರುಗಿತು. ಹಿಂದೆ ಒಮ್ಮೆ ಚಕ್ಕನೆ ನೋಡಿ ನಾಚಿದಳು. "ಸುತ್ತ ಬರುತ್ತೆ. ಆದ್ರೆ ಅಲ್ಲಲ್ಲಿ ಹಾರಿ ಹಾರಿ ಬೀಳುತ್ತೆ," ಎಂದಳು. ಮುಬಶೀರ್ ತಲೆಯಾಡಿಸಿ, ಹೊಸ ಪ್ಲೇಯರಿನಿಂದ ಈ ಆಂಪ್ಲಿಫೈಯರಿಗೆ ಹೋಗುವ ಒಂದೇ ವೈರಿನಲ್ಲಿ ಶಬ್ದ ಹಿಂಡಿಕೊಂಡೇ ಹೋಗಬೇಕೆಂದು ಹೇಳಿದ. ಹಳೆಯ ಪ್ಲೇಯರಿಗೆ ಆರು ವೈರು ಜೋಡಿಸಿದ. ಈ ಸಲ ಗೋಲಿ ಹೊರಟಾಗ ಅವಳು ತಾನಾಗಿಯೇ ಕಣ್ಣು ಮುಚ್ಚಿದಳು. ಕತ್ತು ನಿಧಾನವಾಗಿ, ಎಲ್ಲೂ ತಡೆಯದೆ, ಹರಿಯುವಂತೆ ತಿರುಗಿತು. ಹಿಂದೆ ತಲುಪಲಾರದಾದಾಗ ಗಲ್ಲ ಮೇಲೆದ್ದಿತು, ಇನ್ನೊಂದು ಭುಜದ ಮೇಲೆ ಮತ್ತೆ ಗೋಲಿಯನ್ನು ಹಿಡಿಯಿತು. ಶಶಿಧರನಿಗೆ ಗೋಲಿ ಕಾಣಿಸುತ್ತಿತ್ತು. ಅವಳ ಕೊರಳಿನ ನರ ಎಳೆದುಕೊಂಡ ಕಡೆ ಅದಿತ್ತು, ರೆಪ್ಪೆ ಅದುರಿದ ಕಡೆ ಅದಿತ್ತು. ಕಿವಿಯ ಹಿಂದಿನ ನೆರೆಗೂದಲು, ಕೆನ್ನೆಯ ಮೇಲಿನ ಸಣ್ಣ ಕಲೆ, ಇವನ್ನು ಅವನು ಎಷ್ಟು ಕಾಲದಿಂದ ನೋಡಿರಲಿಲ್ಲ! ಅವಳ ಮುಖದಲ್ಲಿ ಮಗುವಿನ ಬೆರಗಿತ್ತು.

"ಇದು," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. "ಇದು ಉರುಳ್ತಾನೇ ಹೋಗುತ್ತೆ. ತಟ್ಟೇಲಿ ಒಂದು ಕಡೆ ಗೀರು ಬಿದ್ದಿದೆ, ಅದೂ ಕೇಳ್ಸುತ್ತೆ. ಕೈ ಹಾಕಿದ್ರೆ ಹಿಡ್ಕೋಬೋದು."

ಕಣ್ಣು ಬಿಟ್ಟಾಗ ಅವನು ತನ್ನ ಕತ್ತನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು. ಅವಳು ನಾಚಲಿಲ್ಲ.

ಹಳೆಯ ಪ್ಲೇಯರನ್ನೇ ಕೊಂಡರು. ಮುಬಶೀರ್ ಅದನ್ನು ಸ್ಪಂಜಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಯಾಕೋ ಶಶಿಧರನ ಕೈಯನ್ನು ಎರಡೂ ಕೈಯಿಂದ ಹಿಡಿದು ಬೀಳ್ಕೊಟ್ಟ. ಕೆಳಗೆ ರಸ್ತೆಯಲ್ಲಿ ಬಿಸಿಲು. ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಹತ್ತಿರ ಮಂಗಳ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟು, ಎದುರಿಗೆ ನಿಂತಳು.

"ಯಾವ ಕಿವಿ?"

ಅವನು ನೊಣ ಹೊಡೆಯುವವನಂತೆ ಕೈ ಆಡಿಸಿದ. ಆಮೇಲೆ, "ಎಡದ್ದು," ಎಂದ.

"ಯಾವಾಗಿಂದ?"

"ದೀಪಾವಳಿಯಿಂದ."

ಅವಳು ಅಳಬಹುದು, ಬೈಯಬಹುದು, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಬಹುದು ಎಂದುಕೊಂಡಿದ್ದ. ಅವಳು ಯಾವುದನ್ನೂ ಮಾಡದೆ ಬೆಂಚಿನ ಮೇಲೆ ಕೂತು, ಕಣ್ಣು ಕಿರಿದು ಮಾಡಿ ದೂರ ನೋಡುತ್ತಿದ್ದಳು, ಕಳೆದ ತಿಂಗಳುಗಳನ್ನೆಲ್ಲ ಒಂದೊಂದಾಗಿ ತೆಗೆದು ಮಗುಚಿ ನೋಡುವವಳಂತೆ.

"ಹಂಗಾದ್ರೆ ಸಂಕ್ರಾಂತಿ ಮಾರನೇ ದಿನ, ಬುಕ್ಕಾಂಬುಧಿ ಕೆರೆ ಏರಿ ಮೇಲೆ ನಾನು ಕೇಳಿದ್ದು ನಿಮ್ಗೆ ಕೇಳಿಸ್ಲಿಲ್ಲ."

"ಏನು ಕೇಳಿದ್ದೆ?" ಎನ್ನುತ್ತ ಅವನೂ ಬೆಂಚಿನ ಮೇಲೆ ಕೂತ.

ಅವಳು ಬಾಯಿ ತೆರೆದು, ಸುತ್ತ ನೋಡಿ, ಎದ್ದು ಅವನ ಬಲಕ್ಕೆ ಬಂದು ಕೂತಳು. ತರೀಕೆರೆಯಲ್ಲಿ ಕಾಶಮ್ಮ ಮೇಡಂ ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಬೇಕಾಗಿತ್ತು. ಮೇಡಂ ಅವಳಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ವಯಸ್ಸಾಗಿದೆ, ನೀನು ಬಂದು ಸೇರ್ಕೊ ಎಂದಿದ್ದರು. ವಾರದ ದಿನಗಳಲ್ಲಿ ಅಲ್ಲೇ ಇರಬೇಕು. ಎಷ್ಟೋ ದಿನ ಯೋಚಿಸಿ, ಕೆರೆಯ ನೀರು ನೋಡುತ್ತ ಅವನು ಸಮಾಧಾನವಾಗಿದ್ದಾನೆಂದು ತಿಳಿದು, ಹೋಗ್ಲಾ ಎಂದು ಅವಳು ಕೇಳಿದ್ದಳು.

"ನೀವು ನೀರು ನೋಡ್ಕೊಂಡು ಸುಮ್ನೆ ಕೂತಿದ್ರಿ. ಎರಡು ಸಲ ಕೇಳ್ದೆ. ಎರಡನೇ ಸಲಾನೂ ತಿರುಗಿ ನೋಡ್ಲಿಲ್ಲ. ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನೋಕೂ ನಾನು ಲಾಯಕ್ಕಿಲ್ವಾ ಅಂದ್ಕೊಂಡೆ. ಮಾರನೇ ದಿನ ಮೇಡಂಗೆ ಫೋನ್ ಮಾಡಿ ಆಗಲ್ಲ ಅಂದೆ."

ಶಶಿಧರನಿಗೆ ಆ ಸಂಜೆ ನೆನಪಿತ್ತು. ಕೆರೆ ತುಂಬಿತ್ತು, ಬಾತುಗಳಿದ್ದವು. ಅವಳು ಎಡಕ್ಕೆ ಕೂತಿದ್ದಳು. ಏನೂ ಕೇಳಿಸಿರಲಿಲ್ಲ, ನಿಜ. ಆದರೆ ಬಲಗಿವಿಯ ಅಂಚಿನಲ್ಲಿ ಏನೋ ಒಂದು ಮಸುಕಾಗಿ ಸುಳಿದು, ಅದು ಮಾತಿರಬಹುದೆಂದು ಗೊತ್ತಾಗಿಯೂ, ಇರಲಿ ಎಂದು ಬಿಟ್ಟಿದ್ದನೇ? ಎಷ್ಟು ಹುಡುಕಿದರೂ ಆ ಸಂಜೆಯೊಳಗೆ ಅವಳ ಧ್ವನಿಗೆ ಜಾಗ ಸಿಗಲಿಲ್ಲ, ಅದು ಇರಲಿಲ್ಲವೆನ್ನಲೂ ಧೈರ್ಯವಾಗಲಿಲ್ಲ. ಕೇಳಿಸಲಿಲ್ಲ ಮಂಗಳಾ ಎಂದ.

"ಡಾಕ್ಟ್ರು ಏನಂದ್ರು?" ಎಂದು ಅವಳು ಕೇಳಿದ್ದು ಬಸ್ಸು ಬಂದ ಮೇಲೆ. ಅವನು ಎಲ್ಲ ಹೇಳಿದ. ಶಿವಮೊಗ್ಗಕ್ಕೆ ಹೋದದ್ದು, ಪೇಪರ್ ತಿದ್ದುವ ಸುಳ್ಳು, ಗಾನವಿ ಎಂಬ ಹುಡುಗಿ. ಅವಳು ಇಡೀ ದಾರಿ ಕೇಳುತ್ತ ಬಂದಳು. ಗಾನವಿಯ ವಿಷಯಕ್ಕೆ ಮಾತ್ರ, "ಆ ಮಗೂನ ಎಲ್ರ ಮುಂದೆ ನಿಲ್ಲಿಸಿದ್ರಿ, ಎಲ್ರ ಮುಂದೇನೇ ಕರ್ದು ಹೇಳಿ," ಎಂದಳು. ಅವನು ಸೋಮ‌ವಾರ ಮೊದಲ ಪೀರಿಯಡ್ಡಿನಲ್ಲೇ ಎಂದ.

ಅಜ್ಜಂಪುರದ ಮನೆಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಕಾಫಿ ಕುಡಿದು ಇಬ್ಬರೂ ಸೇರಿ ಟಿವಿಯ ಮೇಜನ್ನು ಮುಂದೆ ಎಳೆದರು. ಶಶಿಧರ ಧೂಳಿನಲ್ಲಿ ಮಂಡಿಯೂರಿ ಹಳೆಯ ಆಂಪ್ಲಿಫೈಯರಿನ ಹಿಂದೆ ಆರು ವೈರುಗಳನ್ನು ಸಿಕ್ಕಿಸಿದ. ಪ್ಲೇಯರಿನ ಮೆನುವಿನಲ್ಲಿ ಪರೀಕ್ಷೆಯ ಸದ್ದಿತ್ತು, ಸ್ಪೀಕರಿನಿಂದ ಸ್ಪೀಕರಿಗೆ ಸರದಿಯಂತೆ ಹೋಗುವ ಒಂದು ಭೋರೆಂಬ ಉಸಿರು. ಮಂಗಳ ಕುರ್ಚಿಯನ್ನು ಹಾಲಿನ ನಡುವೆ ಹಾಕಿಕೊಂಡು ಕೂತು, ಮುಂದೆ, ಬಲಕ್ಕೆ, ಹಿಂದೆ ಬಲಕ್ಕೆ ಎಂದು ಹೇಳುತ್ತಿದ್ದಳು. ಹಿಂದಿನ ಎಡದ್ದು ಬರುತ್ತಿಲ್ಲ ಎಂದಳು. ಅವನು ತೆವಳಿಕೊಂಡು ಹೋಗಿ ಅದರ ವೈರು ಬಿಚ್ಚಿ ಮತ್ತೆ ಹಾಕತೊಡಗಿದ. ಆಗ ಅವಳು ಎದ್ದು ಬಂದು ಹತ್ತಿರ ನಿಂತಳು, ಅಭ್ಯಾಸಬಲದಿಂದ ಎಡಕ್ಕೇ. ಅವಳ ತುಟಿಗಳು ಅಲುಗಿದ್ದು ಟಿವಿಯಲ್ಲಿ ಮೆನುವಿನ ಸುತ್ತ ಕಪ್ಪಾಗಿದ್ದ ಗಾಜಿನಲ್ಲಿ ಅವನಿಗೆ ಕಂಡಿತು.

"ಆಗ್ಲಿ ಮಂಗಳಾ," ಎಂದ. "ಹೋಗು. ಇವತ್ತೇ ಮೇಡಂಗೆ ಫೋನ್ ಮಾಡು."

ಅವಳು ಬಗ್ಗಿ ಅವನ ಮುಖ ನೋಡಿದಳು.

"ನಾನು ಏನಂದೆ?"

"ಹಾಸ್ಟೆಲ್ಲು..."

"ಅಂಗಿ ತೋಳು ಮೊಳೆಗೆ ಸಿಕ್ಕಿ ಹರೀತಿದೆ ಅಂದೆ."

ಅವನು ತೋಳು ನೋಡಿಕೊಂಡ. ಹರಿದಿತ್ತು. ಅವಳ ಮುಖದಲ್ಲಿ ನಗು ಬಂದು, ಅಲ್ಲಿ ನಿಲ್ಲದೆ ಹೋಯಿತು.

"ಹಂಗೆ ಕೊಡ್ಬೇಡಿ ಕಣ್ರೀ. ನೀವು ಕೇಳಿಸ್ಕೊಳ್ದೆ ಬೇಡ ಅಂದಿದ್ದೂ ಒಂದೇ, ಈಗ ಕೇಳಿಸ್ಕೊಳ್ದೆ ಹೂಂ ಅನ್ನೋದೂ ಒಂದೇ. ಬೇಡ ಅಂದ್ರೂ ಸರಿ. ಕೇಳಿಸ್ಕೊಂಡು ಅನ್ನಿ."

ಅವನು ಎದ್ದು ಕೈಯ ಧೂಳು ಒರೆಸಿಕೊಂಡು, ಪ್ಲೇಯರನ್ನು ಆರಿಸಿ, ತನ್ನ ಕುರ್ಚಿಗೆ ಬಂದು ಕೂತ. ಮನೆ ನಿಶ್ಶಬ್ದವಾಯಿತು. ಅವಳು ಕುರ್ಚಿಯನ್ನು ಎಳೆದು ತಂದು ಅವನ ಬಲಕ್ಕೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಹಾಕಿ ಕೂತು, ಮೊದಲಿನಿಂದ ಹೇಳತೊಡಗಿದಳು. ವಾರ್ಡನ್ ಜಾಗಕ್ಕೆ ಬಂದವಳು ಬಿಟ್ಟುಹೋಗಿದ್ದಾಳೆ. ಮೇಡಂ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ. ಅಡುಗೆಯವರಿದ್ದಾರೆ, ಮಕ್ಕಳ ಓದು, ಆರೋಗ್ಯ, ಊರಿಂದ ಬರುವ ಅಪ್ಪ ಅಮ್ಮಂದಿರು ಇವೆಲ್ಲ ಅವಳ ಪಾಲು. ಶಶಿಧರ ಕೇಳುತ್ತಿದ್ದ. ಖಾಲಿ ಮನೆ ಕಣ್ಣ ಮುಂದೆ ಬಂತು, ಎಲ್ಲಿಂದಲೋ ಬರುವ ಕುಕ್ಕರಿನ ಸೀಟಿಗಳು, ಹುಡುಕಿದರೂ ಸಿಗದ ಮೊಬೈಲು. ಬೇಡ ಎಂಬ ಮಾತು, ಈ ಸಲ ನಿಜವಾದದ್ದು, ನಾಲಿಗೆಯ ತುದಿಗೆ ಬಂದು ಕೂತಿತು. ಅದನ್ನು ನುಂಗಲೂ ಇಲ್ಲ, ಆಡಲೂ ಇಲ್ಲ. ಹತ್ತಾರು ಹೆಣ್ಣುಮಕ್ಕಳು ಮಲಗಿರುವ ಉದ್ದನೆಯ ಕೋಣೆಯೊಂದನ್ನು ಊಹಿಸಲು ನೋಡಿದ. ಅವಳು ಅದರಲ್ಲಿ ಹೇಗೆ ಓಡಾಡುತ್ತಾಳೆ, ಅಲ್ಲಿ ಅವಳ ಧ್ವನಿ ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ತಿಳಿಯಬೇಕೆನಿಸಿತು.

"ಮಲಗಿದ್ದಾಗ ಮಕ್ಕಳು ಹೆದರ್ಕೊಂಡ್ರೆ ಯಾರನ್ನ ಕರೀತಾರೆ?" ಎಂದು ಕೇಳಿದ.

"ನನ್ನನ್ನೇ," ಎಂದಳು ಅವಳು.